ಯಾವ ದೇವರಿಗೆ ಹೊರಟಿರಿ?

ನಾವು ಹೆಂಗಸರು ಊರು ಬಿಟ್ಟು ಹೊರಡಬೇಕಾದರೆ ಒಂದು ಕಾರಣ ಬೇಕು. ಮದುವೆಯೋ, ಬಾಣಂತನವೋ, ತಿಥಿಯೋ, ಹರಕೆಯೋ! ಸುಮ್ಮನೆ ರಸ್ತೆ ನೋಡಿಕೊಂಡು ಬರುತ್ತೇವೆ ಅಂದರೆ ಮನೆಯವರು ಮುಖ ಮುಖ ನೋಡುತ್ತಾರೆ. ಕಳೆದ ಮಾಘದಲ್ಲಿ ನಾನು ಹಾಗಂದಾಗ ನಮ್ಮವರು ಪೇಪರಿನಿಂದ ತಲೆಯೆತ್ತಿ, “ಗೊರವನಹಳ್ಳಿ ಲಕ್ಷ್ಮಿಗೆ ಹೋಗಿಬರ್ತೀವಿ ಅಂತ ಹೇಳು, ಅಮ್ಮನಿಗೂ ಸಮಾಧಾನ” ಅಂದರು. ಹಾಗೇ ಹೇಳಿದೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಅತ್ತೆಯವರೇ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ಕೂತಿದ್ದಾರೆ!

ತುಮಕೂರಿನಿಂದ ಶಿರಾಕ್ಕೆ ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿ. ನಾವು ಹಿಡಿದದ್ದು ಕೊರಟಗೆರೆ, ಮಧುಗಿರಿಯ ಬಳಸುದಾರಿ. ಕಾರು ನಾದಿನಿಯದು, ಓಡಿಸಿದವಳೂ ಅವಳೇ. ಗೊರವನಹಳ್ಳಿಯಲ್ಲಿ ಶುಕ್ರವಾರದ ಜನ, ಸಾಲು ರಸ್ತೆಯವರೆಗೂ ಬಂದಿತ್ತು. ಅತ್ತೆಯವರು ಕಾರಿನಲ್ಲೇ ಕೂತು ಕೈಮುಗಿದು, “ನಡೀರಿ, ಬರುವಾಗ ನೋಡೋಣ” ಅಂದುಬಿಟ್ಟರು.

ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗದಲ್ಲಿ ಕೂತು, ಚೋಳರೆಂದು ಹೇಳಿಕೊಂಡ ಅರಸರು ಆಳಿದ ಸೀಮೆಯ ಕಡೆಗೆ ಹೋಗುವ ದಾರಿ ಇದು. ನಿಡು ಅಂದರೆ ನೀಳ. ಹೆಸರಿಗೆ ತಕ್ಕ ಹಾಗೆ ಎತ್ತ ತಿರುಗಿದರೂ ಕಲ್ಲು. ಮಧುಗಿರಿಯಲ್ಲಂತೂ 3,900 ಅಡಿ ಮೀರಿದ ಒಂದೇ ಬಂಡೆಯ ಬೆಟ್ಟ ಊರಿನ ತಲೆಯ ಮೇಲೇ ನಿಂತಿದೆ. ಅಲ್ಲಿಂದ ಉತ್ತರಕ್ಕೆ ಹೋದರೆ ಮಿಡಿಗೇಶಿ. ಹಿಮ್ಮಡಿ ಮುಟ್ಟುವ ಕೂದಲಿದ್ದ ಹೆಣ್ಣೊಬ್ಬಳ ಹೆಸರು ಆ ದುರ್ಗಕ್ಕೆ ಬಂತು ಅಂತ ಜನ ಹೇಳುತ್ತಾರೆ. ಅದರಾಚೆ ಪಾವಗಡಕ್ಕೆ ಹೋಗಬೇಕಾದರೆ ಆಂಧ್ರದ ಮಡಕಶಿರಾ ಹಾದೇ ಹೋಗಬೇಕು, ನಮ್ಮ ಜಿಲ್ಲೆಯೊಳಗೇ ಇನ್ನೊಂದು ರಾಜ್ಯ ದಾಟುವ ಕಷ್ಟ ನೋಡಿ! 2018ರಲ್ಲಿ ಶುರುವಾದ ತಿರುಮಣಿಯ ಸೌರ ವಿದ್ಯುತ್ ಪಾರ್ಕೂ ಆ ಕಡೆಯೇ. 13,000 ಎಕರೆ ಗಾಜಿನ ಹಲಗೆ. ಅದು ಇನ್ನೊಂದು ದಿನಕ್ಕಿರಲಿ ಅಂತ ನಾವು ಬಡವನಹಳ್ಳಿಯ ಕಡೆ ತಿರುಗಿದೆವು.

ತಿರುಗಿದ ಮೇಲೆ ರಸ್ತೆಯೇ ಕಣ! ಒಂದು ಕಡೆ ರಾಗಿ, ಇನ್ನೊಂದು ಕಡೆ ಹುರುಳಿ ಹರಡಿ, ಬಂದ ಗಾಡಿಗಳೇ ತುಳಿದು ಒಕ್ಕಣೆ ಮಾಡಲಿ ಅಂತ ಬಿಟ್ಟಿದ್ದಾರೆ. ಸಗಣಿ ಸಾರಿಸಿ ಕಣ ಮಾಡಿ ರೋಣಗಲ್ಲು ಹೊಡೆಯುತ್ತಿದ್ದ ಕಾಲವನ್ನು ಅತ್ತೆಯವರು ನೆನೆಸಿಕೊಂಡರು. ರಾಗಿಯಲ್ಲಿ ಕಲ್ಲು ಬಂದರೆ ಅಂಗಡಿಯವನನ್ನು ಬೈಯುವ ನನಗೆ ಆ ಕಲ್ಲು ಎಲ್ಲಿಂದ ಬರುತ್ತದೆ ಅಂತ ಅವತ್ತು ಗೊತ್ತಾಯಿತು. ಇಂಥಲ್ಲಿ ಕಾರು ನಿಧಾನ ಇರಲಿ, ಚಕ್ರ ಜಾರುತ್ತದೆ. ಹುರುಳಿ ಹೊಟ್ಟು ಕೆಳಗೆ ಸುತ್ತಿಕೊಂಡು ಬಿಸಿಗೆ ಹೊತ್ತಿಕೊಳ್ಳುವುದೂ ಉಂಟು. ನಾದಿನಿ ಎರಡು ಸಲ ಇಳಿದು ಬಗ್ಗಿ ಎಳೆದು ಹಾಕಿದಳು.

ಹಾಗೆ ಎರಡನೇ ಸಲ ನಿಂತದ್ದು ಒಂದು ಹಟ್ಟಿಯ ಮುಂದೆ. ಜಗಲಿಯ ಮೇಲೆ ನಾಲ್ಕು ಜನ ಹೆಂಗಸರು ಹುಣಸೆಹಣ್ಣು ಕುಟ್ಟುತ್ತಿದ್ದರು. ಓಡು ಒಡೆದು, ಬೀಜ ತೆಗೆದು, ನಾರು ಬಿಡಿಸಬೇಕು. ಬೆರಳೆಲ್ಲ ಕಪ್ಪಾಗಿ ಬಿರುಕು ಬಿಟ್ಟಿತ್ತು. ಕುಡಿಯಲು ನೀರು ಕೊಟ್ಟ ಹಿರಿಯಾಕೆ, “ಯಾವ ದ್ಯಾವ್ರಿಗೆ ಹೊಂಟ್ರಿ ತಾಯಿ?” ಅಂದಳು.

ನಾನು ಬಾಯಿ ತೆಗೆಯುವ ಮೊದಲೇ ಅತ್ತೆಯವರು, “ಯಾವ ದೇವ್ರಿಗೂ ಇಲ್ಲ ಕಣವ್ವ. ಸುಮ್ನೆ ಬಂದ್ವಿ” ಅಂದರು.

“ಸುಮ್ನೇನಾ?” ಅಂತ ಆಕೆ ಉಳಿದವರ ಮುಖ ನೋಡಿ ನಕ್ಕುಬಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಕುಟ್ಟುತ್ತಲೇ, “ಬಸ್ಸು ಪುಕ್ಕಟೆ ಆದ್ಮ್ಯಾಕೆ ನಾವೂ ಧರ್ಮಸ್ಥಳ ನೋಡ್ಕಂಡ್ ಬಂದ್ವಿ. ದ್ಯಾವ್ರ ಹೆಸ್ರು ಹೇಳ್ದೆ ಇದ್ರೆ ಮನೇಲಿ ಬಿಡಾಕಿಲ್ಲ” ಅಂದಳು. 2023ರ ಜೂನಿನಲ್ಲಿ ಸರ್ಕಾರ ಟಿಕೆಟಿನ ದುಡ್ಡು ಉಳಿಸಿಕೊಟ್ಟಿತು. ಮನೆಯಲ್ಲಿ ಹೇಳುವ ಕಾರಣವನ್ನು ಮಾತ್ರ ನಾವೇ ಹುಡುಕಬೇಕು, ಹಟ್ಟಿಯಾಕೆಗೂ ಅಷ್ಟೆ, ನನಗೂ ಅಷ್ಟೆ. ಹೊರಡುವಾಗ ಅತ್ತೆಯವರು ಚೌಕಾಸಿ ಮಾಡದೆ ಎರಡು ಕಿಲೋ ಹಣ್ಣು ಕಟ್ಟಿಸಿಕೊಂಡರು. ಚೌಕಾಸಿ ಮಾಡದ್ದನ್ನು ನಾನು ನೋಡಿದ್ದು ಅದೇ ಮೊದಲು!

ಯಾರೂ ಬರೆಯದ ಒಂದು ಮಾತು ಹೇಳಿಬಿಡುತ್ತೇನೆ. ಒಳದಾರಿಯಲ್ಲಿ ಹೆಂಗಸರಿಗೆ ಮರೆ ಸಿಗುವುದಿಲ್ಲ ಅಂತ ನೀರು ಕುಡಿಯದೆ ಕೂರಬೇಡಿ. ತಾಲ್ಲೂಕು ಬಸ್ ಸ್ಟ್ಯಾಂಡಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಮುಗಿಸಿಕೊಂಡೇ ಮುಂದೆ ಹೋಗಿ. ಬಾಗಿಲಿಗೆ ಬೀಗ ಇದ್ದರೆ ಸಂಕೋಚಪಡದೆ ಬೀಗದ ಕೈ ಕೇಳಿ. ಬುತ್ತಿಗೆ ಪುಳಿಯೋಗರೆ ಆಗುತ್ತದೆ. ಮೊಸರನ್ನವೇ ಬೇಕಾದರೆ ಅನ್ನ ಬಿಸಿಯಿರುವಾಗ ಚೆನ್ನಾಗಿ ಮಸೆದು ಹಾಲು ಬೆರೆಸಿ, ಆರಿದ ಮೇಲೆ ಒಂದೇ ಚಮಚ ಮೊಸರು ಹಾಕಿ. ಮಧ್ಯಾಹ್ನದ ಹೊತ್ತಿಗೆ ತಾನೇ ಹದವಾಗಿರುತ್ತದೆ, ಹುಳಿ ಬರುವುದಿಲ್ಲ.

ಶಿರಾ ಸೇರಿದಾಗ ಮೂರು ಗಂಟೆ. 1651ರ ಮಲಿಕ್ ರಿಹಾನ್ ಗೋರಿಯನ್ನು ದೂರದಿಂದಲೇ ನೋಡಿ ಕಗ್ಗಲಡುವಿಗೆ ಹೋದೆವು, ಹತ್ತು ಕಿಲೋಮೀಟರಿನೊಳಗೇ. ಊರೊಳಗಿನ ಹುಣಸೆ ಮರಗಳ ತುಂಬ ಬಣ್ಣದ ಕೊಕ್ಕರೆಗಳು! ಕಡ್ಡಿ ತಂದು ಗೂಡು ಕಟ್ಟುವ ಗಡಿಬಿಡಿ. ಕೆಳಗೆ ಹಿಕ್ಕೆ, ಮೀನಿನ ವಾಸನೆ. ಆದರೂ ಊರಿನವರು ಆ ಮರಗಳಿಗೆ ಕೊಡಲಿ ಹಾಕುವುದಿಲ್ಲ. ಅತ್ತೆಯವರು ಸೆರಗು ಮೂಗಿಗೆ ಹಿಡಿದುಕೊಂಡೇ ಒಂದು ಮರದ ಗೂಡುಗಳನ್ನು ಎಣಿಸಿದರು. ಇಪ್ಪತ್ತಮೂರಕ್ಕೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಹೊತ್ತಾಯಿತು ಅಂತ ನಾನೂ ಅನ್ನಲಿಲ್ಲ.

ಬರುವಾಗ ಹೆದ್ದಾರಿ. ಗೊರವನಹಳ್ಳಿ ಆ ದಾರಿಯಲ್ಲಿಲ್ಲ ಅಂತ ಯಾರೂ ನೆನಪಿಸಲಿಲ್ಲ. ಬಾಗಿಲು ತೆಗೆದ ನಮ್ಮವರು, “ಪ್ರಸಾದ ಎಲ್ಲಮ್ಮಾ?” ಅಂದರು. ಅತ್ತೆಯವರು ಚೀಲದಿಂದ ಹುಣಸೆಹಣ್ಣಿನ ಪೊಟ್ಟಣ ತೆಗೆದು ಅವರ ಕೈಗೆ ಕೊಟ್ಟು ಕಾಲು ತೊಳೆಯಲು ಹೋದರು.