ಕುಲಕರ್ಣಿಯ ದಫ್ತರ, ತಲಾಠಿಯ ಚಾವಡಿ

ಸರ್ಕಾರಿ ನೌಕರಿಗೆ ಶಿಫಾರಸು ಬೇಡ, ಸ್ಪರ್ಧಾ ಪರೀಕ್ಷೆ ನಡೆಸಿ ಎಂದು 1854ರಲ್ಲಿ ಬ್ರಿಟನ್ನಿನ ನಾರ್ತ್‌ಕೋಟ್-ಟ್ರೆವೆಲ್ಯನ್ ವರದಿ ಹೇಳಿತು. ಶಾಲೆಯ ಮುಖವನ್ನೇ ಕಾಣದವರು ಪರೀಕ್ಷೆಗೆ ಕೂರುವುದು ಹೇಗೆ? ಕೊಲ್ಹಾಪುರ ಮತ್ತು ಮೈಸೂರು ಸಂಸ್ಥಾನಗಳು ಇದಕ್ಕೆ ಬೇರೆ ಬೇರೆ ದಾರಿ ಹಿಡಿದವು.

1894ರಲ್ಲಿ ಶಾಹೂ ಮಹಾರಾಜರು ಅಧಿಕಾರ ವಹಿಸಿಕೊಂಡಾಗ ಕೊಲ್ಹಾಪುರದ ಆಡಳಿತದ 71 ಹುದ್ದೆಗಳಲ್ಲಿ 60ರಲ್ಲಿ ಬ್ರಾಹ್ಮಣರಿದ್ದರು. 1902ರ ಜುಲೈ 26ರಂದು ಹೊರಟ ಆದೇಶ, ತೆರವಾಗುವ ಹುದ್ದೆಗಳಲ್ಲಿ ಶೇ 50ನ್ನು ಹಿಂದುಳಿದವರಿಗೆ ಮೀಸಲಿಟ್ಟಿತು. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಮುಂದಿನ ಮಾತು. ಯಾವ ಕಚೇರಿಯಲ್ಲಿ ಹಿಂದುಳಿದವರು ಅರ್ಧಕ್ಕಿಂತ ಕಡಿಮೆಯೋ ಅಲ್ಲಿ ಮುಂದಿನ ನೇಮಕ ಅವರಿಗೇ. ಇಲಾಖೆಯ ಮುಖ್ಯಸ್ಥರು ಮೂರು ತಿಂಗಳಿಗೊಮ್ಮೆ ನೇಮಕಗಳ ಲೆಕ್ಕ ಒಪ್ಪಿಸಬೇಕು. ಇಪ್ಪತ್ತು ಮಂದಿ ಮುಂದುವರಿದವರೇ ಇರುವ ಕಚೇರಿಯಲ್ಲಿ ವರ್ಷಕ್ಕೊಬ್ಬರು ನಿವೃತ್ತರಾಗುತ್ತಾರೆ ಎಂದುಕೊಳ್ಳಿ. ಒಂದು ಬಿಟ್ಟೊಂದು ನೇಮಕವನ್ನು ಹಿಂದುಳಿದವರಿಗೆ ಕೊಡುತ್ತ ಹೋದರೆ ಹತ್ತು ವರ್ಷಕ್ಕೆ ಐವರು ಒಳಗೆ ಬರುತ್ತಾರೆ. ಈ ನಿಯಮದಲ್ಲಿ ಹತ್ತು ಮಂದಿ, ಅಂದರೆ ಸರಿಯಾಗಿ ಅರ್ಧ. ಕೊಲ್ಹಾಪುರದ ಬ್ರಾಹ್ಮಣ ಅಧಿಕಾರಿಗಳ ಸಂಖ್ಯೆ 1912ಕ್ಕೆ 35ಕ್ಕೆ ಇಳಿದಿತ್ತು.

ಅರ್ಹರು ಎಲ್ಲಿಂದ ಬರಬೇಕು? 1901ರಲ್ಲೇ ಮರಾಠ ಮತ್ತು ಜೈನ ಹುಡುಗರಿಗೆ ವಸತಿನಿಲಯಗಳು ತೆರೆದಿದ್ದವು. ಲಿಂಗಾಯತರಿಗೂ, ಅಸ್ಪೃಶ್ಯರೆನಿಸಿಕೊಂಡವರಿಗೂ ಆಮೇಲೆ ಬಂದವು. ಊಟ, ಮಲಗಲು ಜಾಗ ಸಿಕ್ಕಮೇಲಲ್ಲವೇ ಹಳ್ಳಿಯ ಹುಡುಗ ಪಟ್ಟಣದಲ್ಲಿ ಓದುವುದು!

ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಬ್ರಾಹ್ಮಣೇತರರ ನೇಮಕದ ಬಗ್ಗೆ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಪ್ರತಿಭೆಯೇ ಅಳತೆಗೋಲಾಗಬೇಕೆಂದ ದಿವಾನ್ ವಿಶ್ವೇಶ್ವರಯ್ಯನವರು ಭಿನ್ನಾಭಿಪ್ರಾಯದಿಂದ ಹುದ್ದೆ ಬಿಟ್ಟರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕೆಂದು ಸಮಿತಿ ಶಿಫಾರಸು ಮಾಡಿತು. ಕೊಲ್ಹಾಪುರ ಸರದಿ ಕಟ್ಟಿತು, ಮೈಸೂರು ಗಡುವು ಹಾಕಿತು. ಗಡುವು ಮೀರಿದರೆ ಯಾರನ್ನು ಕೇಳಬೇಕು? ಸರದಿ ತಪ್ಪಿದರೆ ಮೂರೇ ತಿಂಗಳಲ್ಲಿ ಕಾಗದದ ಮೇಲೆ ಗೊತ್ತಾಗುತ್ತದೆ. ಸರದಿಯೇ ಗಟ್ಟಿ ಎಂಬುದು ನನ್ನ ತೀರ್ಮಾನ.

ಕಚೇರಿ ಬಿಟ್ಟು ಹಳ್ಳಿಗೆ ಬಂದರೆ, ಕೊಲ್ಹಾಪುರ ಸಂಸ್ಥಾನದ ಗಡಹಿಂಗ್ಲಜದ ಕನ್ನಡ ರೈತನಿಗೆ ಆಗ ಸರ್ಕಾರವೆಂದರೆ ಊರ ಲೆಕ್ಕ ಬರೆಯುವ ಕುಲಕರ್ಣಿ. ಹೊಲ ಯಾರ ಹೆಸರಿಗಿದೆ, ಕಂದಾಯ ಎಷ್ಟು ಬಾಕಿ, ಎಲ್ಲ ಅವನ ದಫ್ತರದಲ್ಲಿ. ದಫ್ತರ ಅಪ್ಪನಿಂದ ಮಗನಿಗೆ. ಶಾಹೂ 1918ರಲ್ಲಿ ಕುಲಕರ್ಣಿ ವತನವನ್ನೇ ರದ್ದುಮಾಡಿ ಸಂಬಳದ ತಲಾಠಿಗಳನ್ನು ನೇಮಿಸಿದರು. ಬೆಳಗಾವಿ ಸೀಮೆಯಲ್ಲೂ ಜನ ಜಮೀನಿನ ಉತಾರ (ಪಹಣಿ) ಕೇಳಲು ತಲಾಠಿಯ ಬಳಿಗೇ ಹೋಗುತ್ತಿದ್ದರು. ಮೈಸೂರಿನ ಸುಧಾರಣೆ ಕಚೇರಿಗಳ ಮಟ್ಟದಲ್ಲೇ ನಿಂತಿತು. ಕುಲಕರ್ಣಿಕೆಯಂಥದೇ ಆದ ಹಳ್ಳಿಯ ಶಾನುಭೋಗಿಕೆ ವಂಶಪಾರಂಪರ್ಯವಾಗಿಯೇ ಉಳಿಯಿತು; ಅದನ್ನು ರದ್ದುಮಾಡುವ ಕಾಯ್ದೆ ಬಂದದ್ದು 1961ರಲ್ಲಿ.