ಕೈ ಆಡುವ ಮಾತು

2021ರ ಏಪ್ರಿಲ್ ತಿಂಗಳು. ಬ್ರೆಜಿಲ್ ದೇಶದಲ್ಲಿ ಕೋವಿಡ್ ಹಾವಳಿ ಮಿತಿಮೀರಿತ್ತು. ಸಾವೊ ಕಾರ್ಲೋಸ್ ನಗರದ ಆಸ್ಪತ್ರೆಯೊಂದರಲ್ಲಿ ದಾದಿಯರು ಎರಡು ರಬ್ಬರ್ ಕೈಗವಸುಗಳಿಗೆ ಬೆಚ್ಚನೆಯ ನೀರು ತುಂಬಿ, ಬಾಯಿ ಕಟ್ಟಿ, ಬೆರಳುಗಳನ್ನು ಒಂದಕ್ಕೊಂದು ಹೆಣೆದು ನಡುವೆ ರೋಗಿಯ ಕೈಯನ್ನಿಟ್ಟರು. ತಣ್ಣಗಾದ ಬೆರಳು ಬೆಚ್ಚಗಾದರೆ ರಕ್ತಸಂಚಾರ ಸುಧಾರಿಸುತ್ತದೆ. ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕವೂ ಸರಿಯಾದ ಅಂಕಿ ತೋರಿಸುತ್ತದೆ. ಆದರೆ ಉದ್ದೇಶ ಅಷ್ಟೇ ಆಗಿರಲಿಲ್ಲ. ಬಂಧುಬಳಗ ಹತ್ತಿರ ಸುಳಿಯಲಾಗದ ಆ ಕೋಣೆಯಲ್ಲಿ ಯಾರೋ ತನ್ನ ಕೈ ಹಿಡಿದು ಕುಳಿತಿದ್ದಾರೆಂದು ರೋಗಿಗೆ ಅನಿಸಲಿ ಎಂಬುದೂ ಇತ್ತು. ಆ ಚಿತ್ರ ಲೋಕವನ್ನೆಲ್ಲ ಸುತ್ತಿತು.

ಕೈ ಹಿಡಿಯುವುದರಲ್ಲಿ ಅಂಥದ್ದೇನಿದೆ?

ನಿಧಾನದ ನರಗಳು

ಚರ್ಮದಿಂದ ಮಿದುಳಿಗೆ ಸ್ಪರ್ಶದ ಸುದ್ದಿ ಎರಡು ದಾರಿಗಳಲ್ಲಿ ಹೋಗುತ್ತದೆ. ಎಲ್ಲಿ ಮುಟ್ಟಿದರು, ಎಷ್ಟು ಒತ್ತಿದರು ಎಂಬುದನ್ನು ದಪ್ಪ ನರತಂತುಗಳು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಒಯ್ಯುತ್ತವೆ. ಇನ್ನೊಂದು ಬಗೆಯ ತೆಳು ತಂತುಗಳ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್ ಮಾತ್ರ. ರೋಮವಿರುವ ಚರ್ಮದಲ್ಲಿ ಇವು ಹೆಚ್ಚು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರಿನಷ್ಟು ನಿಧಾನವಾಗಿ, ಮೈಯ ಬಿಸುಪಿನ ಕೈಯಿಂದ ಸವರಿದಾಗ ಇವು ಚೆನ್ನಾಗಿ ಸ್ಪಂದಿಸುತ್ತವೆ. ತಾಯಿ ಮಗುವನ್ನು ನೇವರಿಸುವ ವೇಗವೂ ಇದೇ.

ಸ್ವೀಡನ್ನಿನ ಹೋಕಾನ್ ಒಲಾಸನ್ ಮತ್ತು ಸಂಗಡಿಗರು 2002ರಲ್ಲಿ ಒಬ್ಬ ಮಹಿಳೆಯ ವಿಷಯ ಪ್ರಕಟಿಸಿದರು. ಕಾಯಿಲೆಯಿಂದಾಗಿ ಆಕೆಯ ದಪ್ಪ ತಂತುಗಳು ನಾಶವಾಗಿದ್ದವು. ಮುಂದೋಳನ್ನು ಮೃದು ಕುಂಚದಿಂದ ಸವರಿದಾಗ ಆಕೆಗೆ ಸರಿಯಾಗಿ ಏನೆಂದು ತಿಳಿಯದಿದ್ದರೂ ಹಿತವೆನಿಸುತ್ತಿತ್ತು. ಸ್ಪರ್ಶಜ್ಞಾನ ಹೋದರೂ ಸಾಂತ್ವನದ ದಾರಿ ತೆರೆದೇ ಇತ್ತು!

ಮುಟ್ಟುವ ಕೈ ಭಾವನೆಯನ್ನೂ ತಿಳಿಸಬಲ್ಲದು. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಪರಿಚಿತರಿಬ್ಬರ ನಡುವೆ ಪರದೆ ಹಾಕಿ, ಒಬ್ಬರ ತೋಳನ್ನು ಇನ್ನೊಬ್ಬರು ಮುಟ್ಟುವಂತೆ ಮಾಡಲಾಯಿತು. ಮುಖ ಕಾಣದೆ, ಮಾತು ಕೇಳದೆ, ಕೋಪ, ಭಯ, ಕೃತಜ್ಞತೆ, ಸಹಾನುಭೂತಿಗಳನ್ನು ಅನೇಕರು ಸರಿಯಾಗಿ ಗುರುತಿಸಿದರು.

ಕೆಲಸದ ಕೈ, ಕರುಣೆಯ ಕೈ

ಆಸ್ಪತ್ರೆಯಲ್ಲಿ ಮಲಗಿದವನನ್ನು ದಿನಕ್ಕೆ ಎಷ್ಟೋ ಕೈಗಳು ಮುಟ್ಟುತ್ತವೆ. ಒಂದು ರಕ್ತ ತೆಗೆಯಲು, ಒಂದು ರಕ್ತದೊತ್ತಡ ನೋಡಲು, ಮತ್ತೊಂದು ಮಗ್ಗುಲು ಹೊರಳಿಸಲು. ಇವೆಲ್ಲ ಕೆಲಸದ ಸ್ಪರ್ಶ. ಧೈರ್ಯ ಹೇಳುವ ಸ್ಪರ್ಶ ಬೇರೆ. ಆದರೆ ಅದಕ್ಕೆ ಬೇರೆ ಸಮಯ ಬೇಕಿಲ್ಲ. ಮೈ ಒರೆಸುವ ಕೈಯೇ ತುಸು ನಿಧಾನವಾದರೆ, ಬೆರಳ ತುದಿಯಿಂದ ಹಿಡಿದೆಳೆಯುವ ಬದಲು ಇಡೀ ಅಂಗೈ ಆನಿಸಿ ಎತ್ತಿದರೆ, ಕೆಲಸವೂ ಆಯಿತು, ಮಾತೂ ಆಡಿದಂತಾಯಿತು.

ಮನೆಯಲ್ಲಿ ಶುಶ್ರೂಷೆ ಮಾಡುವವರು ಗಮನಿಸಬೇಕಾದ ಸಂಗತಿಗಳಿವೆ. ಪಾರ್ಶ್ವವಾಯುವಿನಿಂದ ಮಾತು ನಿಂತ ಅನೇಕರಲ್ಲಿ ಬಲಭಾಗದ ಸ್ವಾಧೀನವೂ ತಪ್ಪಿರುತ್ತದೆ. ಆ ಕೈಯ ಸ್ಪರ್ಶಜ್ಞಾನ ಕುಂದಿರಬಹುದು. ಅಂಥವರ ಎಡಗೈ ಹಿಡಿದು ಮಾತಾಡಿಸಬೇಕು. ಮರೆವಿನ ಕಾಯಿಲೆಯ ವೃದ್ಧರನ್ನು ಹಿಂದಿನಿಂದ ಬಂದು ಥಟ್ಟನೆ ಮುಟ್ಟಿದರೆ ಬೆಚ್ಚಿಬೀಳುತ್ತಾರೆ. ಎದುರಿಗೆ ಬಂದು, ಹೆಸರು ಹಿಡಿದು ಕರೆದು, ಆಮೇಲೆ ಮುಟ್ಟುವುದು ಲೇಸು. ಮುಟ್ಟಿಸಿಕೊಳ್ಳುವುದು ಎಲ್ಲರಿಗೂ ಹಿಡಿಸುವುದಿಲ್ಲ. ನೋವಿರುವವರಿಗೆ ಹಗುರ ಸ್ಪರ್ಶವೂ ಹಿಂಸೆಯಾದೀತು. ರೋಗಿ ಕೈ ಹಿಂದಕ್ಕೆಳೆದುಕೊಂಡರೆ ಅದೂ ಒಂದು ಉತ್ತರ, ಅದನ್ನು ಗೌರವಿಸಬೇಕು.

ಏಕೆಂದರೆ ಸ್ಪರ್ಶದಲ್ಲಿ ಹೇಳುವವರೇ ಕೇಳುವವರೂ ಆಗಿರುತ್ತಾರೆ. ಹಿಡಿದ ಕೈ ಬೆವರುತ್ತಿದೆಯೇ, ನಡುಗುತ್ತಿದೆಯೇ, ಬಿಗಿಯುತ್ತಿದೆಯೇ ಎಂಬುದು ಹಿಡಿದವರಿಗೆ ಆ ಕ್ಷಣದಲ್ಲೇ ತಿಳಿಯುತ್ತದೆ. ಬೇರೆ ದಾರಿಯಿಲ್ಲದ ದಿನಗಳಲ್ಲಿ ಬೆಚ್ಚನೆಯ ನೀರಿನ ಕೈಗವಸು ರೋಗಿಗೆ ಆಸರೆಯಾಯಿತು, ನಿಜ. ಆದರೆ ರೋಗಿ ಅದನ್ನು ಒತ್ತಿದರೆ ಅದು ಮರಳಿ ಒತ್ತಲಾರದು. ಅದಕ್ಕೆ ಮನುಷ್ಯರ ಕೈಯೇ ಬೇಕು.