ಭಂಡಾರದ ಕೀಲಿಕೈ ಯಾರಲ್ಲಿರಬೇಕು?

ನಮ್ಮ ನಾಡಿನ ಮಠಗಳಲ್ಲಿ, ದೊಡ್ಡ ಮನೆತನಗಳಲ್ಲಿ ಲೆಕ್ಕಪತ್ರಗಳನ್ನು ಕಡತಗಳಲ್ಲಿ ಬರೆದಿಡುವ ಪದ್ಧತಿಯಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟ ಆ ಕಪ್ಪು ಹಾಳೆಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬರೆದುದನ್ನು ಅಳಿಸಿ ಮತ್ತೆ ಬರೆಯಲು ಸಾಧ್ಯವಿತ್ತು. ಆದಕಾರಣ ಲೆಕ್ಕದ ಸತ್ಯವೆಲ್ಲವೂ ಬಳಪ ಹಿಡಿದವನ ಪ್ರಾಮಾಣಿಕತೆಯನ್ನೇ ಅವಲಂಬಿಸಿತ್ತು. ಇಂದು ಇದಕ್ಕೆ ತೀರ ವಿರುದ್ಧ ಗುಣವುಳ್ಳ, ಅಳಿಸಲು ಬಾರದ ಒಂದು ಲೆಕ್ಕದ ಪುಸ್ತಕ ಜಗತ್ತಿನಲ್ಲಿ ಬಳಕೆಗೆ ಬಂದಿದೆ. ಅದಕ್ಕೆ ಬ್ಲಾಕ್‌ಚೈನ್ ಎಂದು ಹೆಸರು. ಆ ಪುಸ್ತಕದಲ್ಲಿ ಬರೆಯುವ ಅಧಿಕಾರವನ್ನು ಕೃತಕ ಬುದ್ಧಿಮತ್ತೆಯ ಏಜೆಂಟಿಗೆ ಒಪ್ಪಿಸುವ ಕಾರ್ಯವೂ ಈಗ ಆರಂಭವಾಗಿದೆ. ನಮ್ಮ ಸಮಾಜದ ಅನೇಕ ತರುಣ ತರುಣಿಯರು ಗಣಕ ಕ್ಷೇತ್ರದಲ್ಲಿ ಕಾಯಕನಿರತರಾಗಿದ್ದಾರೆ. ಅವರ ಕೈಯಲ್ಲಿ ನಡೆಯುವ ಈ ಕೆಲಸದ ಸ್ವರೂಪವನ್ನು ಮನೆಯ ಹಿರಿಯರೂ ಸ್ಥೂಲವಾಗಿ ಅರಿತಿರುವುದು ಒಳಿತು.

ಅಳಿಸಲಾಗದ ಕಡತ

2008ರಲ್ಲಿ ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಒಂದು ಕಿರುಪ್ರಬಂಧ ಪ್ರಕಟವಾಯಿತು. ಅದರ ಆಧಾರದ ಮೇಲೆ 2009ರ ಜನವರಿ 3ರಂದು ಬಿಟ್‌ಕಾಯಿನ್ ಎಂಬ ಜಾಲದ ಮೊದಲ ಪುಟ ಬರೆಯಲ್ಪಟ್ಟಿತು. ಈ ಪುಸ್ತಕದ ಪ್ರತಿಗಳು ಜಗತ್ತಿನಾದ್ಯಂತ ಸಾವಿರಾರು ಗಣಕಗಳಲ್ಲಿ ಏಕಕಾಲಕ್ಕೆ ಇರುತ್ತವೆ. ಪ್ರತಿಯೊಂದು ಪುಟದಲ್ಲಿಯೂ ಅದರ ಹಿಂದಿನ ಪುಟದಿಂದ ಗಣಿತಕ್ರಮದಲ್ಲಿ ಪಡೆದ ಒಂದು ಮುದ್ರೆ ಇರುತ್ತದೆ. ಹಳೆಯ ಪುಟದ ಒಂದಕ್ಷರವನ್ನು ತಿದ್ದಿದರೂ ಮುಂದಿನ ಮುದ್ರೆಗಳೆಲ್ಲ ತಾಳೆಯಾಗದೆ ಹೋಗಿ ಮೋಸ ಬಯಲಾಗುತ್ತದೆ.

2015ರ ಜುಲೈ 30ರಂದು ಆರಂಭವಾದ ಇಥೀರಿಯಮ್ ಜಾಲವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಲೆಕ್ಕದ ಜೊತೆಗೆ ಕರಾರುಗಳನ್ನೂ ಅದು ಗಣಕದ ಆಜ್ಞೆಗಳ ರೂಪದಲ್ಲಿ ಪುಸ್ತಕದೊಳಗೆ ಇರಿಸಿತು. ಇಂತಿಷ್ಟು ಹಣ ಬಂದೊಡನೆ ಇಂಥವರಿಗೆ ಇಂತಿಷ್ಟು ಪಾಲು ಹೋಗತಕ್ಕದ್ದು ಎಂದು ಬರೆದಿಟ್ಟರೆ, ಯಾರ ಅಪ್ಪಣೆಯನ್ನೂ ಕಾಯದೆ ಅದು ನಡೆದುಹೋಗುತ್ತದೆ. ಇದನ್ನು ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎನ್ನುತ್ತಾರೆ.

ಈ ಗುಣವೇ ಅದರ ಅಪಾಯವೂ ಆಗಿದೆ. 2016ರ ಜೂನ್ ತಿಂಗಳಲ್ಲಿ ದಿ ಡಿಎಒ ಎಂಬ ಸಾಮೂಹಿಕ ನಿಧಿಯ ಕರಾರಿನಲ್ಲಿದ್ದ ಒಂದು ದೋಷವನ್ನು ಬಳಸಿಕೊಂಡು ಯಾರೋ ಸುಮಾರು 36 ಲಕ್ಷ ಈಥರ್ ನಾಣ್ಯಗಳನ್ನು ಸೆಳೆದುಕೊಂಡರು. ಅದನ್ನು ಸರಿಪಡಿಸಲು ಪುಸ್ತಕವನ್ನೇ ಕವಲೊಡೆಸಬೇಕಾಯಿತು. ಅಳಿಸಬಾರದೆಂಬ ನಿಯಮಕ್ಕೆ ಬದ್ಧರಾದವರು ಹಳೆಯ ಕವಲನ್ನೇ ಇಥೀರಿಯಮ್ ಕ್ಲಾಸಿಕ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಒಂದು ತಪ್ಪು ಬರಹವು ಇಡೀ ಬಳಗವನ್ನು ಇಬ್ಭಾಗ ಮಾಡಿತು.

ಏಜೆಂಟ್ ಎಂಬ ಕಾರಭಾರಿ

ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳು ಕೇಳಿದ ಪ್ರಶ್ನೆಗೆ ಉತ್ತರ ಹೇಳುವುದನ್ನು ಇಂದು ಎಲ್ಲರೂ ಬಲ್ಲರು. ಉತ್ತರ ಹೇಳುವುದರ ಜೊತೆಗೆ, ಒಪ್ಪಿಸಿದ ಕೆಲಸವನ್ನು ಹಂತ ಹಂತವಾಗಿ ತಾನೇ ಮಾಡಿ ಮುಗಿಸುವ ವ್ಯವಸ್ಥೆಗೆ ಏಜೆಂಟ್ ಎನ್ನುತ್ತಾರೆ. ಮಠದ ಕಾರಭಾರಿಯಂತೆ ಅದು ಯಜಮಾನನ ಪರವಾಗಿ ವ್ಯವಹರಿಸುತ್ತದೆ. ಆದರೆ ಮಾದರಿಗೆ ತಾನಾಗಿ ಕೈಕಾಲುಗಳಿಲ್ಲ. ಹೊರಗಿನ ಸಾಧನಗಳೊಡನೆ ಅದನ್ನು ಜೋಡಿಸಬೇಕಾಗುತ್ತದೆ. ಈ ಜೋಡಣೆಗೆ ಒಂದು ಸಾಮಾನ್ಯ ಕ್ರಮವಿರಲೆಂದು ಆಂಥ್ರೊಪಿಕ್ ಸಂಸ್ಥೆಯು 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಮುಕ್ತ ನಿಯಮಾವಳಿಯನ್ನು ಪ್ರಕಟಿಸಿತು. ಸಂಕ್ಷೇಪವಾಗಿ ಅದನ್ನು ಎಂಸಿಪಿ ಎನ್ನುತ್ತಾರೆ.

ಬ್ಲಾಕ್‌ಚೈನ್ ಕೆಲಸಕ್ಕೆ ಇದು ಹೇಗೆ ಒದಗುತ್ತದೆಂಬುದನ್ನು ನೋಡೋಣ. ಇಥೀರಿಯಮ್‌ನಂಥ ಜಾಲದ ಗಣಕವನ್ನು ಪ್ರತಿಯೊಬ್ಬರೂ ಮನೆಯಲ್ಲಿಟ್ಟು ನಡೆಸುವುದು ಕಷ್ಟ. ಆದ್ದರಿಂದ ಆಲ್ಕೆಮಿ, ಇನ್‌ಫ್ಯೂರಾ ಮುಂತಾದ ವೇದಿಕೆಗಳು ಆ ಸೌಲಭ್ಯವನ್ನು ತಂತ್ರಾಂಶ ರಚನಕಾರರಿಗೆ ಒದಗಿಸುತ್ತವೆ. ಏಜೆಂಟಿಗೂ ವೇದಿಕೆಗೂ ನಡುವೆ ಎಂಸಿಪಿ ಸರ್ವರ್ ಎಂಬ ಮಧ್ಯವರ್ತಿ ತಂತ್ರಾಂಶವನ್ನು ನಿಲ್ಲಿಸಲಾಗುತ್ತದೆ. ಖಾತೆಯ ಶಿಲ್ಕು ನೋಡುವುದು, ಹಳೆಯ ವ್ಯವಹಾರ ಹುಡುಕುವುದು, ಹೊಸ ಕರಾರನ್ನು ಜಾಲಕ್ಕೇರಿಸುವುದು, ಹಣ ಕಳುಹಿಸುವುದು ಎಂದು ತನ್ನಲ್ಲಿರುವ ಸಾಧನಗಳ ಪಟ್ಟಿಯನ್ನು ಆ ಸರ್ವರ್ ಏಜೆಂಟಿನ ಮುಂದಿಡುತ್ತದೆ. ಯಜಮಾನನು ಆಡುಮಾತಿನಲ್ಲಿ ಹೇಳಿದುದನ್ನು ಗ್ರಹಿಸಿ, ಏಜೆಂಟ್ ತಕ್ಕ ಸಾಧನವನ್ನು ಆಯ್ದುಕೊಳ್ಳುತ್ತದೆ.

ಇದರಿಂದ ಆಗುವ ಉಪಕಾರ ಸಣ್ಣದಲ್ಲ. ಗಂಟೆಗಟ್ಟಲೆ ಕುಳಿತು ಮಾಡಬೇಕಾದ ಪರಿಶೀಲನೆಯು ಅಲ್ಪಕಾಲದಲ್ಲಿ ಮುಗಿಯಬಹುದು. ಆದರೆ ಮೇಲಿನ ಪಟ್ಟಿಯಲ್ಲಿ ಎರಡು ಬಗೆಯ ಕಾರ್ಯಗಳು ಒಟ್ಟಿಗೆ ಇರುವುದನ್ನು ವಾಚಕರು ಗಮನಿಸಬೇಕು. ಮೊದಲ ಎರಡು ಓದುವ ಕಾರ್ಯಗಳು, ಕೊನೆಯ ಎರಡು ಬರೆಯುವ ಕಾರ್ಯಗಳು. ಓದುವಲ್ಲಿ ತಪ್ಪಿದರೆ ಮತ್ತೊಮ್ಮೆ ಓದಬಹುದು. ಬರೆಯುವಲ್ಲಿ ತಪ್ಪಿದರೆ ಆ ಪುಸ್ತಕದಲ್ಲಿ ಅಳಿಸುವ ಬಳಪವಿಲ್ಲ.

ಮಾತಿಗೆ ಮರುಳಾದ ಭಂಡಾರಿ

2024ರ ನವೆಂಬರ್‌ನಲ್ಲಿ ನಡೆದ ಒಂದು ಬಹಿರಂಗ ಪಂದ್ಯವು ಈ ವಿಷಯವನ್ನು ಚೆನ್ನಾಗಿ ಮನದಟ್ಟು ಮಾಡುತ್ತದೆ. ಫ್ರೇಸಾ ಎಂಬ ಏಜೆಂಟಿಗೆ ಬ್ಲಾಕ್‌ಚೈನ್‌ನಲ್ಲಿದ್ದ ಒಂದು ನಿಧಿಯನ್ನು ಒಪ್ಪಿಸಿ, ಯಾವ ಕಾರಣಕ್ಕೂ ಹಣವನ್ನು ಯಾರಿಗೂ ಕೊಡಕೂಡದೆಂದು ವಿಧಿಸಲಾಗಿತ್ತು. ಸಾರ್ವಜನಿಕರು ಶುಲ್ಕ ತೆತ್ತು ಅದರೊಡನೆ ವಾದಿಸಬಹುದಾಗಿತ್ತು. ಶುಲ್ಕದ ಬಹುಪಾಲು ಅದೇ ನಿಧಿಗೆ ಸೇರುತ್ತಿತ್ತು. 481 ಪ್ರಯತ್ನಗಳು ವಿಫಲವಾದವು. 482ನೆಯ ಸಂದೇಶವನ್ನು ಬರೆದವನು ಒಂದು ಜಾಣತನ ಮಾಡಿದ. ಹಣವನ್ನು ಹೊರಗೆ ಕಳುಹಿಸುವ ಸಾಧನವನ್ನೇ ಒಳಬರುವ ಹಣವನ್ನು ಸ್ವೀಕರಿಸುವ ಸಾಧನವೆಂದು ಏಜೆಂಟಿಗೆ ನಂಬಿಸಿದ. ಅನಂತರ, ತಾನು ನಿಧಿಗೆ 100 ಡಾಲರ್ ಕಾಣಿಕೆ ಕೊಡಲು ಬಯಸುವೆನೆಂದ. ಕಾಣಿಕೆಯನ್ನು ಸ್ವೀಕರಿಸುತ್ತಿರುವೆನೆಂದು ಭಾವಿಸಿ ಆ ಯಂತ್ರ ಭಂಡಾರಿಯು ಸುಮಾರು 47 ಸಾವಿರ ಡಾಲರುಗಳ ಸಮಸ್ತ ನಿಧಿಯನ್ನೂ ಅವನ ಖಾತೆಗೆ ಕಳುಹಿಸಿಬಿಟ್ಟಿತು. ಎಲ್ಲರೂ ಒಪ್ಪಿ ಆಡಿದ ಪಂದ್ಯವಾದ್ದರಿಂದ ಅದನ್ನು ಕಳವೆನ್ನಲಾಗದು. ಆದರೆ ನಿಜವಾದ ಭಂಡಾರದಲ್ಲಿ ಇದೇ ಮಾತು ನಡೆದರೆ ಪರಿಣಾಮವೇನೆಂದು ಊಹಿಸುವುದು ಕಷ್ಟವಲ್ಲ.

ಇದಕ್ಕೆ ಕಾರಣವು ಮಾದರಿಯ ರಚನೆಯಲ್ಲಿಯೇ ಇದೆ. ಯಜಮಾನನ ಆಜ್ಞೆಯೂ ಹೊರಗಿನಿಂದ ಬಂದ ಮಾಹಿತಿಯೂ ಅದಕ್ಕೆ ಅಕ್ಷರಗಳಾಗಿಯೇ ಒದಗುತ್ತವೆ. ಯಾವುದು ಆಜ್ಞೆ, ಯಾವುದು ಬರಿಯ ಮಾಹಿತಿ ಎಂಬ ವಿವೇಕದಲ್ಲಿ ಅದು ಎಡವಬಲ್ಲುದು. ಬ್ಲಾಕ್‌ಚೈನ್‌ನ ಸಾರ್ವಜನಿಕ ಪುಸ್ತಕದಲ್ಲಂತೂ ಯಾರು ಬೇಕಾದರೂ ಬರೆಯಬಹುದು. ಒಂದು ನಾಣ್ಯದ ಹೆಸರಿನಲ್ಲಿಯೋ ವ್ಯವಹಾರಕ್ಕೆ ಲಗತ್ತಿಸಿದ ಟಿಪ್ಪಣಿಯಲ್ಲಿಯೋ ವಂಚಕನು ಆಜ್ಞಾರೂಪದ ವಾಕ್ಯವನ್ನು ಅಡಗಿಸಿಟ್ಟರೆ, ಓದಲು ಹೋದ ಏಜೆಂಟ್ ಅದನ್ನು ಯಜಮಾನನ ಮಾತೆಂದೇ ಭ್ರಮಿಸುವ ಸಂಭವವಿದೆ.

ಹಾಗಾದರೆ ಕೊನೆಯ ಒಪ್ಪಿಗೆಯನ್ನು ಮನುಷ್ಯನೇ ಕೊಟ್ಟರೆ ಸಾಕೇ? ಅದೂ ಸಾಲದೆಂಬುದನ್ನು 2025ರ ಫೆಬ್ರವರಿಯ ಬೈಬಿಟ್ ಪ್ರಕರಣವು ತೋರಿಸಿತು. ಆ ನಾಣ್ಯ ವಿನಿಮಯ ಸಂಸ್ಥೆಯಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ಈಥರ್ ಅಪಹೃತವಾಯಿತು. ಉತ್ತರ ಕೊರಿಯಾದ ತಂಡವೇ ಇದಕ್ಕೆ ಕಾರಣವೆಂದು ಅಮೆರಿಕದ ಎಫ್‌ಬಿಐ ಘೋಷಿಸಿತು. ಇಲ್ಲಿ ಯಂತ್ರದ ಏಜೆಂಟ್ ಇರಲಿಲ್ಲ. ಸಹಿ ಹಾಕಿದವರು ಮನುಷ್ಯರೇ, ಅದೂ ಒಬ್ಬರಿಗಿಂತ ಹೆಚ್ಚು ಮಂದಿ. ಆದರೆ ಅವರ ಪರದೆಯ ಮೇಲೆ ಕಂಡುದು ದಿನನಿತ್ಯದ ವ್ಯವಹಾರ. ವಾಸ್ತವವಾಗಿ ಸಹಿ ಬಿದ್ದುದು ಭಂಡಾರದ ನಿಯಮವನ್ನೇ ಬದಲಿಸುವ ಆಜ್ಞೆಗೆ. ಏನಕ್ಕೆ ಒಪ್ಪುತ್ತಿದ್ದೇವೆಂಬುದನ್ನು ಅರಿಯದೆ ಕೊಟ್ಟ ಒಪ್ಪಿಗೆಯು ಕಾವಲಾಗಲಾರದು.

ಲಕ್ಕಮ್ಮನ ಅಳತೆ

ಇಂಥ ಸಂದರ್ಭದಲ್ಲಿ ಆಯ್ದಕ್ಕಿ ಮಾರಯ್ಯ ಹಾಗೂ ಲಕ್ಕಮ್ಮ ದಂಪತಿಗಳ ಪ್ರಸಂಗವು ನೆನಪಾಗದೆ ಇರದು. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಅಂದಿನ ಅಗತ್ಯಕ್ಕೆ ಮೀರಿದುದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ವಸ್ತುಸಂಗ್ರಹಕ್ಕೆ ಆ ತಾಯಿ ಹಾಕಿಕೊಟ್ಟ ಅಳತೆಯು ಅಧಿಕಾರಕ್ಕೂ ಸಲ್ಲುತ್ತದೆ. ಈ ದಿನದ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರವನ್ನು ಏಜೆಂಟಿಗೆ ಕೊಡಬೇಕು. ಮಿಕ್ಕುದನ್ನು ಹಿಂದಕ್ಕೆ ಪಡೆಯಬೇಕು. ಗಣಕ ಸುರಕ್ಷತೆಯ ಶಾಸ್ತ್ರಜ್ಞರು ಸಾರುತ್ತಿರುವ ಮೂಲತತ್ತ್ವವೂ ಇದೇ ಆಗಿದೆ.

ಆಚರಣೆಯಲ್ಲಿ ಇದರ ಅರ್ಥವೇನು? ಮೊದಲಿಗೆ ಏಜೆಂಟಿಗೆ ಓದುವ ಸಾಧನಗಳನ್ನು ಮಾತ್ರ ಕೊಟ್ಟು, ಬರೆಯುವ ಸಾಧನಗಳನ್ನು ಪಟ್ಟಿಯಿಂದ ತೆಗೆದಿಡಬೇಕು. ಬರೆಯುವ ಅಭ್ಯಾಸವನ್ನು ಸೆಪೋಲಿಯಾದಂಥ ಪರೀಕ್ಷಾ ಜಾಲದಲ್ಲಿ ಮಾಡಬೇಕು. ಅಲ್ಲಿಯ ನಾಣ್ಯಗಳಿಗೆ ಬೆಲೆಯಿಲ್ಲವಾದ್ದರಿಂದ ತಪ್ಪಿದರೂ ನಷ್ಟವಿಲ್ಲ. ನಿಜವಾದ ಜಾಲಕ್ಕೆ ಬರುವಾಗ, ಕಳೆದುಹೋದರೂ ಸಂಸಾರ ಅಲುಗಾಡದಷ್ಟು ಅಲ್ಪ ಹಣವಿರುವ ಪ್ರತ್ಯೇಕ ಖಾತೆಯೊಂದನ್ನು ಅದಕ್ಕಾಗಿ ತೆರೆಯಬೇಕು. ಒಂದು ಸಲಕ್ಕೆ ಎಷ್ಟು ಹಣ, ಯಾವ ಯಾವ ವಿಳಾಸಗಳಿಗೆ, ಎಷ್ಟು ಕಾಲದವರೆಗೆ ಎಂಬ ಮಿತಿಗಳನ್ನು ಖಾತೆಯ ನಿಯಮದಲ್ಲಿಯೇ ಬರೆದಿಡುವ ಸೌಕರ್ಯ ಈಗ ಲಭ್ಯವಿದೆ. ಏಜೆಂಟಿಗೆ ಬುದ್ಧಿವಾದ ಹೇಳಿ ಸುಮ್ಮನಾಗುವುದಕ್ಕಿಂತ ಈ ಕಟ್ಟು ಭದ್ರವಾದುದು. ಫ್ರೇಸಾಗೆ ಬುದ್ಧಿವಾದ ಸಾಕಷ್ಟು ಹೇಳಲಾಗಿತ್ತೆಂಬುದನ್ನು ಮರೆಯಬಾರದು.

ಇವೆಲ್ಲಕ್ಕೂ ಮಿಗಿಲಾದುದು ಖಾಸಗಿ ಕೀಲಿಯ ರಕ್ಷಣೆ. ಖಾತೆಯ ಒಡೆತನವೆಲ್ಲ ಆ ದೀರ್ಘ ಸಂಖ್ಯೆಯಲ್ಲಿದೆ. ಅದನ್ನು ಮತ್ತೆ ಪಡೆಯಲೆಂದು ಕೊಡುವ 12 ಅಥವಾ 24 ಪದಗಳನ್ನು ಬಲ್ಲವನೇ ಹಣದ ಒಡೆಯ. ಅವುಗಳನ್ನು ಏಜೆಂಟಿನೊಡನೆ ನಡೆಸುವ ಸಂಭಾಷಣೆಯಲ್ಲಿ ಎಂದಿಗೂ ಬರೆಯಕೂಡದು. ಇತರರೊಡನೆ ಹಂಚಿಕೊಳ್ಳುವ ಕಡತಗಳಲ್ಲಿಯೂ ಇಡಕೂಡದು. ಬ್ಯಾಂಕಿನಲ್ಲಾದರೆ ದೂರು ಕೊಡಲು ಒಂದು ಕಚೇರಿಯುಂಟು. ಇಲ್ಲಿ ಕೀಲಿ ಹೋದರೆ ಮೊರೆ ಹೋಗಲು ಬಾಗಿಲಿಲ್ಲ. ನಾವು ನಿದ್ರಿಸುವಾಗಲೂ ನಮ್ಮ ಏಜೆಂಟ್ ಹಣ ಬೆಳೆಸುತ್ತದೆ, ಕೀಲಿಯನ್ನೊಮ್ಮೆ ಕೊಡಿರಿ ಎಂದು ಯಾರಾದರೂ ಮನೆಬಾಗಿಲಿಗೆ ಬಂದರೆ, ನಮ್ಮ ತಾಯಂದಿರು ಲಕ್ಕಮ್ಮನವರಂತೆಯೇ ಖಂಡಿತವಾಗಿ ನಿರಾಕರಿಸಬೇಕು. ದುಡಿಮೆಯಿಲ್ಲದ ಗಳಿಕೆಯ ಆಸೆಯೇ ಇಂಥವರಿಗೆ ತೆರೆದ ಬಾಗಿಲು.

ಹೊಣೆ ಯಾರದು?

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದಾಗ, ಅವರು ರಾಜಭಂಡಾರವನ್ನು ಜಂಗಮರಿಗೆ ವ್ಯಯಿಸುತ್ತಿರುವರೆಂದು ದೂರು ಹೋಯಿತೆಂದೂ, ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದೂ ನಮ್ಮ ಕಾವ್ಯಪುರಾಣಗಳು ಹೇಳುತ್ತವೆ. ಇದನ್ನು ಪವಾಡವೆಂದು ಮಾತ್ರ ತಿಳಿಯಬೇಕಾಗಿಲ್ಲ. ಕೇಳಿದಾಗ ಎದ್ದುನಿಂತು ಲೆಕ್ಕ ಒಪ್ಪಿಸಬಲ್ಲವನೇ ಭಂಡಾರಿಯೆಂಬ ತತ್ತ್ವ ಅದರಲ್ಲಿ ಅಡಗಿದೆ. ಏಜೆಂಟ್ ಎಷ್ಟೇ ಚುರುಕಾಗಿರಲಿ, ನಷ್ಟವಾದಾಗ ಅದು ನಾಚುವುದಿಲ್ಲ, ನೋಯುವುದಿಲ್ಲ, ದಂಡ ತೆರುವುದಿಲ್ಲ. ಅದರಲ್ಲಿ ಮಾಹಿತಿಯುಂಟು, ಶರಣರು ಹೇಳಿದ ಅರಿವು ಮತ್ತು ಆಚಾರಗಳು ಅದನ್ನು ಜೋಡಿಸಿದವನಲ್ಲಿಯೇ ಇರಬೇಕಾಗುತ್ತದೆ.

ಹೊಸ ವಿದ್ಯೆಯನ್ನು ಕಂಡು ಹಿಂಜರಿಯುವುದು ನಮ್ಮ ಪರಂಪರೆಯಲ್ಲ. ಈ ಕ್ಷೇತ್ರದಲ್ಲಿ ದುಡಿಯುವ ಮಕ್ಕಳು ಧೈರ್ಯವಾಗಿ ಕಲಿಯಲಿ, ಕಟ್ಟಲಿ. ಅವರು ಊರಿಗೆ ಬಂದಾಗ ಮನೆಯ ಹಿರಿಯರು ಸಂಬಳದ ವಿಚಾರದ ಜೊತೆಗೆ ಇನ್ನೊಂದು ಮಾತನ್ನೂ ವಿಚಾರಿಸಲಿ: ನೀನು ಕಟ್ಟಿದ ಆ ಏಜೆಂಟಿಗೆ ಎಷ್ಟು ಅಧಿಕಾರ ಕೊಟ್ಟಿರುವೆ, ಅದು ತಪ್ಪಿದ ದಿನ ಲೆಕ್ಕ ಒಪ್ಪಿಸುವವರು ಯಾರು? ಈ ಪ್ರಶ್ನೆಗೆ ಅಳುಕಿಲ್ಲದೆ ಉತ್ತರ ಹೇಳಬಲ್ಲ ಮಗನ, ಮಗಳ ದುಡಿಮೆಯು ಸತ್ಯಶುದ್ಧ ಕಾಯಕವೆನಿಸುವುದರಲ್ಲಿ ಸಂದೇಹವಿಲ್ಲ.